ರಂಗೂನಿನ ಮೀನುಸಾರು, ಬೀಬಿಯ ಸೇಮಿಗೆ

ಫರಂಗಿಪೇಟೆಯ ಬೀಬಿಯ ಬಲಭುಜ ನಲವತ್ತು ದಾಟುವ ಮೊದಲೇ ಸೋತಿತ್ತು. ಗಂಡ ಅಬ್ದುಲ್ಲ ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ರಂಗೂನಿಗೆ ಹೋಗಿ ಬಟ್ಟೆ ಅಂಗಡಿ ಸೇರಿದ್ದ. ನಡುವೆ ಊರಿಗೆ ಬಂದದ್ದು ಒಂದೇ ಸಲ. ಅವಳು ಮದುವೆಮನೆಗಳಿಗೆ ಸೇಮಿಗೆ, ಅಂದರೆ ಅಕ್ಕಿ ಶಾವಿಗೆ, ಒತ್ತಿ ಬದುಕಿದಳು. ಬಂಟ್ವಾಳದಿಂದಲೂ ಮೂಡಬಿದಿರೆಯಿಂದಲೂ ಕರೆ ಬರುತ್ತಿತ್ತು. ಕುಚ್ಚಲಕ್ಕಿ, ಕಾಯಿ ಅರೆದು, ಉಂಡೆ ಕಟ್ಟಿ ಬೇಯಿಸಿ, ಬಿಸಿಯಿರುವಾಗಲೇ ಸೇಮಿಗೆ ಒತ್ತುವ ಒರಳಿಗೆ ಹಾಕಿ ಹಿಡಿ ತಿರುಗಿಸಬೇಕು. ಆರಿದರೆ ಎಳೆ ಇಳಿಯುವುದಿಲ್ಲ. ಜನ ಅದನ್ನು ಕೋಳಿಸಾರಿಗೂ ಬೆಲ್ಲದ ಕಾಯಿಹಾಲಿಗೂ ಹಾಕಿ ಉಣ್ಣುವಾಗ ಬೀಬಿ ಬರಿಯ ಗಂಜಿ ಕುಡಿದು ಗೋಡೆಗೊರಗುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ಬರ್ಮಾ ಸರಕಾರ ಅಲ್ಲಿನ ಅಂಗಡಿಗಳನ್ನು ವಶಪಡಿಸಿಕೊಂಡಿತು. ಅಬ್ದುಲ್ಲ ಒಂದು ಟ್ರಂಕಿನೊಂದಿಗೆ ಮರಳಿ ಬಂದ. ಮೂರು ವಾರ ಜಗಲಿಯಲ್ಲಿ ಸುಮ್ಮನೆ ಮಲಗಿದ. ಬೆಳ್ತಂಗಡಿಯ ಮದುವೆಯೊಂದರ ಕೆಲಸ ಮುಗಿಸಿ ಅವಳು ಮನೆ ಸೇರಿದ ಸಂಜೆ ಮೊದಲ ಸಲ ಏನನ್ನೋ ಕೇಳಿದ.

"ಬಾಳೆದಿಂಡು ಹಾಕಿ ನೀರಾಗಿ ಮೀನುಸಾರು ಮಾಡ್ತೀಯಾ ಬೀಬಿ? ಸೇಮಿಗೆ ಹಾಕಿ ತಿನ್ನುವ. ಅಲ್ಲಿ ಬೆಳಿಗ್ಗೆ ಬೀದಿಬೀದಿಯಲ್ಲಿ ಅದೇ. ಅಲ್ಲಿರುವ ಚೀನಾದವರೂ ಸೇಮಿಗೆ ಅಕ್ಕಿಯದ್ದೇ ಮಾಡ್ತಾರೆ, ಕೂದಲಿನಷ್ಟು ಸಪೂರ, ಒಣಗಿಸಿ ಮಾರ್ತಾರೆ. ಇದು ನಮ್ಮೂರಿನದ್ದು ಮಾತ್ರ ಅಂತ ತಿಳಿದಿದ್ದೆ."

"ಅಲ್ಲಿ ಉಂಟಾದರೆ ಅಲ್ಲೇ ತಿನ್ನಬಹುದಿತ್ತು," ಎಂದಳು ಬೀಬಿ. "ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ."

ಅವನು ಮತ್ತೆ ಕೇಳಲಿಲ್ಲ. ನಾಲ್ಕನೆಯ ದಿನ ತಾನೇ ಮೀನು ತಂದಿಟ್ಟು, ಬಾಳೆದಿಂಡು ಕಡಿದು ತಂದು ಹೆಚ್ಚತೊಡಗಿದ. ಅದನ್ನು ನೋಡಿ ಬೀಬಿ ಅಕ್ಕಿ ನೆನೆಹಾಕಿದಳು. ಒತ್ತುವಾಗ ಎರಡನೆಯ ಉಂಡೆಗೇ ಅವಳ ಭುಜ ಹಿಡಿದುಕೊಂಡಿತು. ಅಬ್ದುಲ್ಲ ಎದ್ದು ಬಂದು ಹಿಡಿಗೆ ಕೈಹಾಕಿದ. ಮೊದಲು ತಪ್ಪು ದಿಕ್ಕಿಗೆ ತಿರುಗಿಸಿದ. ಅವಳು ಅವನ ಮಣಿಕಟ್ಟು ಹಿಡಿದು ತೋರಿಸಿಕೊಟ್ಟಳು. ಹತ್ತು ಉಂಡೆಯಾಗುವಾಗ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಇದನ್ನು ನೀನೊಬ್ಬಳೇ ಇಷ್ಟು ವರ್ಷ..." ಎಂದವನು ಮುಂದಿನ ಉಂಡೆಗೆ ಕೈಚಾಚಿದ.

ಬೀಬಿ ಮಾಡಿದ ಸಾರು ಬಾಯಿಗಿಟ್ಟು, ರಂಗೂನಿನದರ ಹಾಗಿಲ್ಲ ಎಂದ. ಆದರೂ ಬಟ್ಟಲು ಖಾಲಿ ಮಾಡಿದ. ಬೀಬಿಯೂ ಎದುರು ಕೂತು ತಿಂದಳು. ತಾನು ಮಾಡಿದ ಸೇಮಿಗೆ ತಿಂದು ಅವಳಿಗೆ ಎಷ್ಟೋ ವರ್ಷವಾಗಿತ್ತು.

ಆಮೇಲೆ ಮದುವೆಮನೆಗಳಿಗೆ ಇಬ್ಬರೂ ಹೋದರು. ಅವಳು ಉಂಡೆ ಹಾಕಿದರೆ ಅವನು ತಿರುಗಿಸುತ್ತಿದ್ದ. ರಂಗೂನಿನ ಸಾಹುಕಾರ ಒರಳು ತಿರುಗಿಸುತ್ತಾನೆಂದು ಕೆಲವರು ನಕ್ಕರು. ಅವನು ತಲೆ ಎತ್ತಲಿಲ್ಲ. ಬೀಬಿಯ ಭುಜ ಕೊನೆಗೂ ನೆಟ್ಟಗಾಗಲಿಲ್ಲ. ಮೂಡಬಿದಿರೆಯಲ್ಲಿ ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತ, ಒಬ್ಬರಿಗೊಬ್ಬರು ಒರಗಿ, ಕೂತಲ್ಲೇ ನಿದ್ದೆಹೋಗುತ್ತಿದ್ದರು.