ಶಾಸಕರ ‘ಹೌದು’ ಕೇಳಿಸಿಕೊಂಡವಳು

ಸೋಮವಾರ ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆದರೂ ಧಾರೇಶ್ವರದಿಂದ ಮೀನು ತರುವಾಕೆ ಬೇರೆ ಮನೆಗಳಲ್ಲಿ ಮಾರಿ ಮುಗಿಸಿ, ಖಾಲಿ ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂರುತ್ತಿದ್ದಳು. ಅವಳಿಗೆ ಓದು ಬಾರದು; ನಾನು ಪೇಪರಿನ ವಿಧಾನಸಭೆ ಸುದ್ದಿ ಓದಬೇಕು. ಹೆಂಗಸರ ಕೂಲಿಯಾಗಲಿ, ಜಾತಿಯ ಮಾತಾಗಲಿ, ಎಲ್ಲರೂ ಸಮಾನರೆನ್ನುವ ಯಾವ ಮಸೂದೆ ಬಂದರೂ ಅವಳದು ಒಂದೇ ಪ್ರಶ್ನೆ: “ನಮ್ಮವ ಎಂತ ಹೇಳ್ದ?” ‘ನಮ್ಮವ’ ಎಂದರೆ ನಮ್ಮ ಕ್ಷೇತ್ರದ ಶಾಸಕರು.

ಅವಳ ಮಗಳು ಊರುಗೋಲಿನಲ್ಲಿ ನಡೆಯುವವಳು. ಕಚೇರಿಗಳ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಲೇಬೇಕೆಂಬ ಮಸೂದೆ ಬಂದಾಗ ಪೇಪರಿನಲ್ಲಿ ‘ಧ್ವನಿಮತದಿಂದ ಅಂಗೀಕಾರ’ ಎಂದಷ್ಟೇ ಇತ್ತು.

“ಯಾರ ಧ್ವನಿ ಅಮಾ? ಹೆಸ್ರಿಲ್ವಾ?”

ಇರಲಿಲ್ಲ.

ಚುನಾವಣೆಗೆ ಮುನ್ನ ಶಾಸಕರು ಕೈಮುಗಿಯುತ್ತ ಮೀನುಪೇಟೆಗೆ ಬಂದರು. ನಾನೂ ಅಲ್ಲಿದ್ದೆ. ಆಕೆ ಅಡ್ಡ ನಿಂತಳು.

“ತಮಾ, ಇಳಿಜಾರಿನ ಕಾಯ್ದೆಗೆ ಎಂತ ಹೇಳ್ದೆ?”

“ಹೌದು ಅಂದೆ, ಅಮ್ಮ.”

“ಹ್ಯಾಂಗೆ ಅಂದೆ? ಒಂದ್ಸಲ ಅನ್ನು.”

“ಹೌದು.”

“ಇಷ್ಟು ಧ್ವನಿಗೆ ಒಂದು ಬಂಗಡೆನೂ ಮಾರಿ ಹೋಗೂದಿಲ್ಲ!”

ಪೇಟೆಯೆಲ್ಲ ನಕ್ಕಿತು. ಶಾಸಕರೂ ನಕ್ಕು, ಗಂಟಲು ಬಿಚ್ಚಿ “ಹೌದು!” ಎಂದು ಕೂಗಿದರು.

“ಆತು. ಇಷ್ಟು ಜನ ಕೇಳಿದ್ರು. ಈಗ ನಮ್ಮೂರ ಕಚೇರಿಗೆ ಇಳಿಜಾರು ಯಾವಾಗ, ಅದನ್ನೂ ಹಿಂಗೇ ಕೂಗು.”

ಶಾಸಕರು ಕೂಗಿ ಹೇಳಿದಂತೆಯೇ ಮಳೆಗಾಲಕ್ಕೆ ಮೊದಲು ಇಳಿಜಾರು ಬಂತು. ಮಗಳು ಕೆಲಸವಿಲ್ಲದಿದ್ದರೂ ಮೂರು ಸಲ ಹತ್ತಿ ಇಳಿದಳಂತೆ. ಆ ಸಂಜೆ ನಾನು ದೇವರಿಗೆ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿದೆ.