ಒಳಗೆ ನೀರು ತುಂಬಿ ನೋಡಿದ ದೋಣಿ

ಕುಷ್ಟಗಿಯಲ್ಲಿ ದೋಣಿ ಇಟ್ಟುಕೊಂಡ ಮನುಷ್ಯನಿಗೆ ಜನ ಒಂದೇ ಪ್ರಶ್ನೆ ಕೇಳುತ್ತಾರೆ. ದಾಳಿಂಬೆ ಕ್ರೇಟು ಹೇರಿಕೊಂಡು ಹೊರಟ ಗಾಡಿಯವನು ಬ್ರೇಕ್ ಹಾಕಿ ಕೇಳಿದ, ಬಸ್ಸಿಗೆ ಕಾಯುತ್ತಿದ್ದ ಮುದುಕಿ ಕೇಳಿದಳು, ಎದುರಿನ ಪಂಚರ್ ಅಂಗಡಿಯಾತ ದಿನಾ ಚಹಾ ಕುಡಿಯುವ ಹೊತ್ತಿಗೆ ಕೇಳಿದ. "ಇಲ್ಲಿ ನೀರರೆ ಎಲ್ಲೈತ್ರಿ?" ಮೊದಲ ವಾರ ನಗುತ್ತಾ ಉತ್ತರ ಕೊಟ್ಟೆ. ಎರಡನೆಯ ವಾರದಿಂದ ಗ್ರೈಂಡರ್ ಚಾಲೂ ಮಾಡಿ, ಕೇಳಿಸದವನಂತೆ ನಿಂತುಬಿಡುತ್ತಿದ್ದೆ.

ನನ್ನದು ಫೈಬರ್ ಕೆಲಸದ ಅಂಗಡಿ. ಸೀಳಿದ ನೀರಿನ ಟ್ಯಾಂಕು, ಒಡೆದ ಕೂಲರು, ಬಸ್ಸಿನ ಬಂಪರು ಇವೇ ನನ್ನ ಅನ್ನ. ಗಾಜಿನ ನಾರಿನ ಮ್ಯಾಟು ಹಾಸಿ, ಮೇಲೆ ರೆಸಿನ್ ಅಂಟು ಬಳಿದು, ಗಟ್ಟಿಯಾದ ಮೇಲೆ ಉಜ್ಜಿ ನುಣುಪು ಮಾಡುವುದು. ಟ್ಯಾಂಕಿನ ತೇಪೆಯಲ್ಲಿ ನನ್ನ ಕೈ ಛಲೋ ಎಂದು ಕುಕನೂರಿನವರೆಗೂ ಹೆಸರಿದೆ. ಆ ಹೆಸರೇ ನನ್ನನ್ನು ಸಿಕ್ಕಿಸಿತು.

ದೋಣಿ ಅಕ್ಕನ ಗಂಡನದು. ನಾನು ಮಾಮಾ ಎನ್ನುತ್ತೇನೆ. ಗಿಣಿಗೇರಾದ ಆಚೆ, ತುಂಗಭದ್ರೆಯ ಹಿನ್ನೀರಿನ ದಂಡೆಯ ಮೇಲೆ ಅವರ ಹಳ್ಳಿ. ನಲವತ್ತು ವರ್ಷ ತೆಪ್ಪದಲ್ಲಿ ಕೂತು ಬಲೆ ಬಿಟ್ಟವರು. ಅಪ್ಪ ತೀರಿಕೊಂಡ ಮೇಲೆ, ಸಂತೆಯ ದಿನ ಬಸ್ಸಿನಲ್ಲಿ ಮೀನಿನ ಬುಟ್ಟಿ ತಂದು ಮಾರಿ, ಹೋಗುವಾಗ ನಮ್ಮ ಮನೆಯ ಡಬ್ಬಿಗಳನ್ನು ತಾವೇ ತೆರೆದು ನೋಡಿ, ಖಾಲಿ ಇದ್ದುದನ್ನು ತುಂಬಿಸಿ ಹೋಗುತ್ತಿದ್ದರು. ನನ್ನ ಸಾಲಿ ಓದಿಗೆ, ನನ್ನ ಮದುವೆಗೆ, ಈ ಅಂಗಡಿಗೆ ಅವರೇ ನಿಂತರು. ಅವರೆದುರು 'ಇಲ್ಲ' ಎಂಬ ಮಾತು ನನ್ನ ಬಾಯಲ್ಲಿ ಹುಟ್ಟುವುದೇ ಇಲ್ಲ. ಇದು ಗುಣವೋ ರೋಗವೋ ನನಗೆ ಇನ್ನೂ ತಿಳಿದಿಲ್ಲ.

ಈಗ ಅವರ ಮೊಣಕಾಲು ಹೋಗಿವೆ. ತೆಪ್ಪದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹುಟ್ಟು ಹಾಕಬೇಕು, ಅದು ಆಗುವುದಿಲ್ಲ. ದಂಡೆಯ ಜಾಲಿಗಿಡದ ಕೆಳಗೆ ಯಾರೋ ಬಿಟ್ಟುಹೋದ ಫೈಬರ್ ದೋಣಿಯೊಂದು ವರ್ಷಗಟ್ಟಲೆ ಮಳೆ ಬಿಸಿಲು ತಿಂದುಕೊಂಡು ಬಿದ್ದಿತ್ತು. ಅದಕ್ಕೆ ಕೂರಲು ಹಲಗೆ ಇತ್ತು, ಕಾಲು ಚಾಚಲು ಜಾಗ ಇತ್ತು. ಯುಗಾದಿಗೆ ಹೋದಾಗ, ಉಣ್ಣುತ್ತಾ ಮಾಮಾ ಕೇಳಿದರು, "ಫೈಬರ್ ಅಂದ್ರ ಫೈಬರ್ರ ಅಲ್ಲೇನು ತಮ್ಮಾ? ಟಾಕಿಗೆ ಮಾಡಿದ್ದು ಇದಕ್ಕೂ ಆಗತೈತಿ ಹೌದಿಲ್ಲೋ?"

ನಾನು ದೋಣಿಯ ಮುಖ ಕೂಡ ನೋಡದೆ ಹೇಳಿದೆ, "ಕಳಿಸ್ರಿ ಮಾಮಾ. ಒಂದು ವಾರದ ಕೆಲಸ."

ಟ್ರ್ಯಾಕ್ಟರಿನಲ್ಲಿ ಅದು ಬಂದಿಳಿದ ದಿನವೇ ಬ್ರಶ್ಶಿನ ಹಿಡಿಯಿಂದ ತಳವನ್ನು ಬಡಿದು ನೋಡಿದೆ. ಗಟ್ಟಿ ಜಾಗ ಠಣ್ ಎನ್ನಬೇಕು. ನಾಲ್ಕು ಮೊಳ ಉದ್ದಕ್ಕೆ ಡಬ್ ಡಬ್ ಎಂದಿತು. ಒಂದು ಕಡೆ ಕೊಯ್ದೆ. ಎರಡು ಪದರ ಫೈಬರಿನ ನಡುವೆ ಬಲಕ್ಕೆಂದು ಇಟ್ಟಿದ್ದ ಪ್ಲೈವುಡ್ಡು ಸೋಸಿದ ಚಹಾಪುಡಿಯ ಹಾಗೆ ಒದ್ದೆಯಾಗಿ ಕೈಗೆ ಬಂತು. ನಾತಕ್ಕೆ ಪಂಚರ್ ಅಂಗಡಿಯಾತ ಎದ್ದು ಒಳಗೆ ಹೋದ. ಹೊರಗಿನ ಮೈ ಮಾತ್ರ, ಅಲ್ಲಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೆ, ನೀಲಿ ಬಣ್ಣದಲ್ಲಿ ಚೆಂದಾಗಿತ್ತು. ಆ ಕ್ಷಣವೇ ಫೋನು ಮಾಡಿ, ಆಗುವುದಿಲ್ಲ ಎಂದುಬಿಡಬೇಕಿತ್ತು.

ಫೋನು ಅವರಿಂದಲೇ ಬಂತು. ಸಂಜೆ ಆರಕ್ಕೆ. "ಎಲ್ಲಿತನಕ ಬಂತೋ ತಮ್ಮಾ?"

"ನಡದೈತ್ರಿ ಮಾಮಾ."

ಅಂದಿನಿಂದ ದಿನಾ ಆರಕ್ಕೆ ಅದೇ ಪ್ರಶ್ನೆ, ಅದೇ ಉತ್ತರ. ಫೋನನ್ನು ರೆಸಿನ್ ಡಬ್ಬಿಯ ಹಿಂದೆ ಇಟ್ಟು ನೋಡಿದೆ. ಅಲ್ಲಿಂದಲೂ ಹೊಡೆದುಕೊಳ್ಳುತ್ತಿತ್ತು.

ಅಂಗಡಿ ಎಂದರೆ ಮೂರು ಗೋಡೆ, ಮೇಲೆ ತಗಡು. ದೋಣಿ ಅದರ ಬಾಯಿಗೆ ಅಡ್ಡಲಾಗಿ ಕೂತುಬಿಟ್ಟಿತ್ತು. ಸ್ಟೂಲಿನ ಮೇಲೆ ಹತ್ತಿ, ದೋಣಿಯೊಳಗೆ ಇಳಿದು, ಆಚೆ ಹಾರಿದರೆ ನಾನು ಅಂಗಡಿಯ ಒಳಗೆ. ಹೊರಗೆ ಬರಬೇಕಾದರೂ ಅದೇ ದಾರಿ. ಗಿರಾಕಿಗಳು ರಸ್ತೆಯಲ್ಲೇ ನಿಂತು ಕೂಗಿ ಮಾತಾಡಿ ಹೋಗುತ್ತಿದ್ದರು. ಕೆಲವರು ದೋಣಿಯನ್ನು ನೋಡಿ ಕೂಗುವ ಗೋಜಿಗೂ ಹೋಗಲಿಲ್ಲ. ಬೇಸಿಗೆಯ ಝಳಕ್ಕೆ ರೆಸಿನ್ ಬ್ರಶ್ಶಿಗೆ ತಾಗುವ ಮೊದಲೇ ಮಗ್ಗಿನಲ್ಲಿ ಹೊಗೆಯಾಡಿ ಕಲ್ಲಾಗುತ್ತಿತ್ತು. ನಾರಿನ ಧೂಳು ಕತ್ತಿನಲ್ಲಿ, ಮೊಣಕೈಯಲ್ಲಿ ಹೊಕ್ಕು, ಉಣ್ಣುವಾಗಲೂ ತುರಿಕೆ. ಹೆಂಡತಿ ರೊಟ್ಟಿ ಡಬ್ಬಿ ತಂದು ದೋಣಿಯಾಚೆಯಿಂದ ಕೈ ಚಾಚಿ ಕೊಡುತ್ತಾ ಒಂದು ದಿನ ಅಂದಳು, "ದೋಣಿ ನಿಮ್ಮ ಅಂಗಡ್ಯಾಗ ಐತೋ, ನೀವು ದೋಣ್ಯಾಗ ಸಿಕ್ಕೀರೋ?" ಸಿಟ್ಟು ಬಂತು. ಅವಳ ಮೇಲಲ್ಲ.

ಕೊಳೆತದ್ದನ್ನು ಕೆದರಿದಷ್ಟೂ ಮುಂದೆ ಕೊಳೆತಿತ್ತು. ಜೂನ್ ಮುಗಿಯುವಷ್ಟರಲ್ಲಿ ನನ್ನ ಸಹನೆ ಮುಗಿದಿತ್ತು. ಕೈಗೆ ಸಿಕ್ಕಷ್ಟು ತೆಗೆದು, ಉಳಿದುದರ ಮೇಲೆ ಒಳಗಿನಿಂದ ಮೂರು ಪದರ ಮ್ಯಾಟು ಹಾಸಿ ಮುಚ್ಚಿದೆ. ಟ್ಯಾಂಕಿಗೆ ನಾನು ಯಾವಾಗಲೂ ಒಳಗಿನಿಂದಲೇ ತೇಪೆ ಹಾಕುವುದು. ಆಮೇಲೆ ಟ್ಯಾಂಕಿನವರು ಮಾಡುವುದನ್ನೇ ಮಾಡಿದೆ: ದೋಣಿಯನ್ನು ಮರಳಿನ ಚೀಲಗಳ ಮೇಲೆ ಕೂರಿಸಿ, ಬೋರಿನ ಪೈಪು ಬಿಟ್ಟು, ಒಳಗೆ ಅರ್ಧದವರೆಗೆ ನೀರು ತುಂಬಿದೆ.

ಒಂದು ಹಗಲು ಪೂರ್ತಿ ಕಾದೆ. ಕೆಳಗಿನ ಮಣ್ಣಿಗೆ ಒಂದು ಹನಿ ಬೀಳಲಿಲ್ಲ. ಸಂಜೆ ಓಣಿಯ ಹೆಂಗಸರು ನೀರು ಸುಮ್ಮನೆ ಚೆಲ್ಲಬೇಡಿ ಎಂದು ಬೈದು, ಕೊಡ ತಂದು, ಅಂಗಳಕ್ಕೆ ಹೊಡೆಯಲು ದೋಣಿಯೊಳಗಿಂದ ತುಂಬಿಕೊಂಡು ಹೋದರು. ಅಂದು ಆರು ಗಂಟೆಗೆ ಕಾಯದೆ ನಾನೇ ಫೋನು ಮಾಡಿದೆ. "ಮುಗೀತ್ರಿ ಮಾಮಾ. ಒಂದ ಹನಿ ಬಿಟ್ಟಿಲ್ಲ."

"ಇಷ್ಟ ಲಗೂ ಮುಗೀತಾ?" ಎಂದರು. ಮೂರು ತಿಂಗಳಾದ ಮೇಲೆ ಲಗೂ ಎನ್ನುತ್ತಾರಲ್ಲ, ಹಂಗಿಸುತ್ತಿದ್ದಾರೆ ಎಂದುಕೊಂಡೆ.

ಡ್ಯಾಮು ತುಂಬುವುದು ತಡವಾಯಿತು. ಅಲ್ಲಿಯವರೆಗೂ ದೋಣಿ ನನ್ನ ಬಾಗಿಲಲ್ಲೇ ಇತ್ತು. ಶ್ರಾವಣದಲ್ಲಿ ಟ್ರ್ಯಾಕ್ಟರಿಗೆ ಹೇರಿ ಒಯ್ದೆವು. ಅಕ್ಕ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಳು. ಮಾಮಾ ಹಲಗೆಯ ಮೇಲೆ ಕೂತು, ಕಾಲು ಚಾಚಿದರು. ಹುಟ್ಟು ನನ್ನ ಕೈಯಲ್ಲಿತ್ತು. ದಂಡೆಯಿಂದ ಇಪ್ಪತ್ತು ಮಾರು ಹೋಗಿದ್ದೆವೋ ಏನೋ, ನಮ್ಮ ಕಾಲಡಿಯಲ್ಲಿ ಪಟ್ ಎಂದು ಸದ್ದಾಯಿತು. ನನ್ನ ತೇಪೆ ಹಪ್ಪಳದಂತೆ ಮೇಲೆದ್ದಿತ್ತು. ಟ್ಯಾಂಕಿನಲ್ಲಿ ನೀರಿನ ಭಾರವೇ ತೇಪೆಯನ್ನು ಒತ್ತಿ ಹಿಡಿಯುತ್ತದೆ. ಇಲ್ಲಿ ಹೊರಗಿನ ನೀರು ಕೆಳಗಿನಿಂದ ಅದನ್ನು ತಳ್ಳಿಬಿಟ್ಟಿತು. ಇಷ್ಟು ಸರಳ ಸಂಗತಿ ಆ ಗಳಿಗೆಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ನೀರು ಮೊಣಕಾಲಿಗೆ ಬಂತು. ಮಾಮಾಗೆ ಏಳಲಾಗಲಿಲ್ಲ. ನಲವತ್ತು ವರ್ಷ ಆ ನೀರಿನ ಮೇಲೆ ಇದ್ದವರು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ನನ್ನ ಕೈಯಾರೆ ಇವರನ್ನು ಮುಳುಗಿಸಿದೆ ಎಂದುಕೊಂಡೆ. ಅವರ ಕಂಕುಳಿಗೆ ಕೈ ಹಾಕಿ ಹಿಡಿದು ಕೂಗಿದೆ. ಹತ್ತಿರದಲ್ಲಿ ಬಲೆ ಎತ್ತುತ್ತಿದ್ದ ಇಬ್ಬರು ತೆಪ್ಪ ತಂದು ನಮ್ಮನ್ನು ಎಳೆದುಕೊಂಡರು, ದೋಣಿಗೂ ಹಗ್ಗ ಹಾಕಿದರು.

ದಂಡೆಯ ಕೆಸರಿನಲ್ಲಿ ಕೂತು ಟವೆಲ್ ಹಿಂಡುತ್ತಾ ಮಾಮಾ ಕೇಳಿದರು, "ಒಳಗ ನೀರು ತುಂಬಿ ನೋಡಿದಿ ಹೌದಿಲ್ಲೋ?"

"ಹೌದ್ರಿ."

ಅವರು ನಗತೊಡಗಿದರು. ಕೆಮ್ಮು ಬರುವವರೆಗೂ ನಕ್ಕರು. "ನೀ ನೀರು ಕೂಡಿಡೋ ಊರಾಂವ. ನೀರು ಒಳಗ ನಿಂತ್ರ ನಿಮಗ ಛಲೋ. ನಮಗ ಅದು ಹೊರಗ ಇರಬೇಕಪಾ."

ನನಗೆ ನಗು ಬರಲಿಲ್ಲ, ಅಳು ಬಂತು. ಐದು ತಿಂಗಳು ನುಂಗಿದ್ದ ಮಾತು ಆಗ ಹೊರಗೆ ಬಿತ್ತು. "ಮಾಮಾ, ಇದು ಆಗಂಗಿಲ್ಲ. ತಳ ಪೂರಾ ಕೊಳತೈತಿ. ನನಗ ಮೊದಲನೇ ದಿನಾನ ಗೊತ್ತಿತ್ತು."

"ನನಗ ಕಳಿಸೋಕಿಂತ ಮೊದಲ ಗೊತ್ತಿತ್ತು," ಎಂದರು ಅವರು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾ.

ಒದ್ದೆ ಬಟ್ಟೆ ಬದಲಿಸಲು ಮನೆಗೆ ಬಂದಾಗ ಅಕ್ಕ ಒಲೆಯ ಮುಂದೆ ಕೂತು ಹೇಳಿದಳು. ಇನ್ನು ನೀರಿಗೆ ಇಳಿಯಬಾರದು ಎಂದು ಡಾಕ್ಟರು ಹೇಳಿ ವರ್ಷವಾಗಿತ್ತಂತೆ. ತೆಪ್ಪವನ್ನು ಕೊಟ್ಟುಬಿಡಿ ಎಂದು ಇವಳು ಜಗಳ ಮಾಡಿದ್ದಳು. "ಕೊಟ್ರು. ಕೊಟ್ಟು, ದೋಣಿ ರಿಪೇರಿಗೆ ಹೋಗೈತಿ ಅಂತ ಕಂಡಕಂಡವ್ರಿಗೆ ಹೇಳಕೋಂತ ಕುಂತ್ರು. ದಿನಾ ನಿನಗ ಫೋನ್ ಮಾಡಿದ ಮ್ಯಾಲ ಒಂದು ರೊಟ್ಟಿ ಜಾಸ್ತಿ ಉಣ್ತಿದ್ರು. ನೀ ಮುಗೀತು ಅಂದ ದಿನ ಉಣಲಿಲ್ಲ ನೋಡು."

'ನಡದೈತ್ರಿ' ಎಂದು ನಾನು ಒದ್ದಾಡುತ್ತಾ ಹೇಳಿದ ಸುಳ್ಳನ್ನೇ ಅವರು ದಿನಾ ಕಾದು ಕೇಳಿಸಿಕೊಂಡಿದ್ದರು.

ಹೊರಡುವ ಹೊತ್ತಿಗೆ ಟ್ರ್ಯಾಕ್ಟರ್ ಬಳಿ ಹೋದರೆ ದೋಣಿ ಆಗಲೇ ಟ್ರೇಲರಿನ ಮೇಲಿತ್ತು. ಮಾಮಾ ಹಗ್ಗದ ಗಂಟು ಬಿಗಿಯುತ್ತಿದ್ದರು. "ಹೊರಗಿಂದ ಮಾಡಾಕ ಎಷ್ಟು ದಿನ ಬೇಕು?"

"ಮಾಮಾ, ಆಗಂಗಿಲ್ಲ ಅಂದ್ನೆಲ್ರಿ."

"ಆಗತೈತೋ ಇಲ್ಲೋ ಅಂತ ನಾ ಕೇಳಿಲ್ಲ ತಮ್ಮಾ. ಎಷ್ಟು ದಿನ ಬೇಕು ಅಂತ ಕೇಳೀನಿ."

ಅವರ ಕಣ್ಣು ಗಂಟಿನ ಮೇಲೇ ಇತ್ತು. "ಭಾಳ ದಿನ ಬೇಕಾಗತೈತ್ರಿ," ಎಂದೆ.

ದೋಣಿ ಮತ್ತೆ ನನ್ನ ಅಂಗಡಿಯ ಬಾಯಿಗೆ ಅಡ್ಡ ಕೂತಿದೆ. ಇಲ್ಲಿ ನೀರೆಲ್ಲಿದೆ ಎಂದು ಜನ ಮತ್ತೆ ಕೇಳುತ್ತಾರೆ. ಸಿಟ್ಟು ಬರುತ್ತದೆ, ಒಮ್ಮೊಮ್ಮೆ ಇದನ್ನು ಕೊಯ್ದು ಕಸಕ್ಕೆ ಹಾಕಿಬಿಡೋಣ ಅನ್ನಿಸುತ್ತದೆ. ಆರು ಗಂಟೆಗೆ ಫೋನು ಬರುತ್ತದೆ.

"ಎಲ್ಲಿತನಕ ಬಂತೋ ತಮ್ಮಾ?"

"ಇನ್ನೂ ಭಾಳ ಐತ್ರಿ ಮಾಮಾ."

"ಗಡಿಬಿಡಿ ಮಾಡಬ್ಯಾಡ," ಎನ್ನುತ್ತಾರೆ. ಆ ಕಡೆ ಅಕ್ಕ ತಾಟು ಇಡುವ ಸದ್ದು ಕೇಳಿಸುತ್ತದೆ. ನಾನು ಫೋನು ಜೇಬಿಗೆ ಹಾಕಿ, ಸ್ಟೂಲಿನ ಮೇಲೆ ಹತ್ತಿ, ದೋಣಿ ದಾಟಿ ಮನೆಗೆ ಹೋಗುತ್ತೇನೆ.