ದೂರದಿಂದ ಕಾಣುವುದು ಅಂಗಿಯೇ

ನಮ್ಮೂರಿನ ಜನಕ್ಕೆ ಮರುಭೂಮಿ ಬೇಕಿಲ್ಲವಂತೆ. ಕಳೆದ ವಾರ ನಮ್ಮ ಲಾಸ್ ನೋರಿಯಾಸ್ ಊರಿನ ಗ್ರಂಥಾಲಯದಲ್ಲಿ ನಡೆದ ಸಭೆಯಲ್ಲಿ ಸಿಯೆರಾ ಪಾರ್ದಾ ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳು ಹಾಗೆಂದರು. ಸ್ಪ್ಯಾನಿಷ್ ಮಾತಾಡುವವರಿಗೆಂದೇ ಭಾನುವಾರದ ನಡಿಗೆ ಇಟ್ಟೆವು, ಈಸ್ಟರ್‌ವರೆಗೂ ಕಾದೆವು, ಒಬ್ಬರೂ ಬರಲಿಲ್ಲ, ಬೇಡಿಕೆ ಇಲ್ಲ. ಇಷ್ಟು ಹೇಳಿ ಕಾಫಿ ಕುಡಿದು ಹೊರಟರು. ಬಾಗಿಲಿಗೆ ನಾಯಿ ಕಟ್ಟಿಕೊಂಡು, ಮನೆಗೆ ಯಾರೂ ಬರುವುದಿಲ್ಲವೆಂದು ಕೊರಗುವ ಜಾತಿ ಇದು.

ಆ ನಡಿಗೆಗೆ ಏನಾಯಿತೆಂದು ಸರಿಯಾಗಿ ಬಲ್ಲವಳು ಸಭೆಗೆ ಬಂದಿರಲಿಲ್ಲ. ಅವಳ ಕಥೆ ಬರೆಯುತ್ತೇನೆ.

ಒಬ್ದುಲಿಯಾ ಬ್ರಾಕಮೊಂತೆ ನಮ್ಮೂರಿನ ಶಾಲಾ ಬಸ್ಸು ಓಡಿಸುತ್ತಿದ್ದವಳು. ಇಲ್ಲಿ ನಡುವಯಸ್ಸು ಮುಟ್ಟಿದ ಯಾರನ್ನೇ ಕೇಳಿ, ಅವಳಿಂದ ಬೈಸಿಕೊಳ್ಳದೆ ಬೆಳೆದವರಿಲ್ಲ. ವರ್ಷಕ್ಕೊಮ್ಮೆ ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ಯುವುದಿತ್ತು. ಮಕ್ಕಳು ಇಳಿದು ಮಾರ್ಗದರ್ಶಿಯ ಹಿಂದೆ ಸಾಲಾಗಿ ಹೋಗುವರು. ಡ್ರೈವರು ಬಸ್ಸಲ್ಲೇ ಕೂತಿರಬೇಕೆಂಬುದು ನಿಯಮ. ಹೀಗಾಗಿ ಮನುಷ್ಯನ ಐದಾರು ಪಟ್ಟು ಎತ್ತರ ನಿಂತ ಸಗ್ವಾರೊ ಕಳ್ಳಿಗಳನ್ನು, ಅವುಗಳ ಹಿಂದಿನ ಕಂದು ಬಂಡೆಗಳನ್ನು ಅವಳು ನೌಕರಿಯುದ್ದಕ್ಕೂ ಗಾಜಿನಾಚೆಯಿಂದಲೇ ನೋಡಿದಳು. ನಿವೃತ್ತಿಯಾದ ವಾರವೇ ಹೋಗಿ, ಸ್ವಯಂಸೇವಕಿಯಾಗುತ್ತೇನೆಂದು ಹೆಸರು ಕೊಟ್ಟಳು.

ಸಂಬಳವಿಲ್ಲದ ಕೆಲಸ. ಮೊದಲು ಸಂಬಳಕ್ಕೆ ಇದನ್ನೇ ಮಾಡುತ್ತಿದ್ದವರನ್ನು ಮನೆಗೆ ಕಳಿಸಿ ಈಗ ವಯಸ್ಸಾದವರ ಕೈಲಿ ಪುಕ್ಕಟೆ ಮಾಡಿಸುತ್ತಾರೆ. ಅದರ ಮೇಲಿನ ನನ್ನ ಸಿಟ್ಟು ಬೇರೆ ಇದೆ, ಇವತ್ತಿಗೆ ಇರಲಿ. ಚಳಿಗಾಲಕ್ಕೆ ಹಿಮದ ನಾಡುಗಳಿಂದ ಮನೆಯಂಥ ಗಾಡಿಗಳಲ್ಲಿ ಬಂದಿಳಿಯುವ ನಿವೃತ್ತರ ಜೊತೆ ಕೂತು ಒಬ್ದುಲಿಯಾ ಎಲ್ಲವನ್ನೂ ಕಲಿತಳು. ಬಿಸಿಲು ಹೊಡೆದವರನ್ನು ಹೇಗೆ ಮಲಗಿಸಬೇಕು, ಗಿಲಕಿ ಹಾವು ಸದ್ದು ಮಾಡಿದರೆ ಕಾಲು ಎಲ್ಲಿಡಬೇಕು, ಬಾಟಲಿಯ ನೀರು ಅರ್ಧಕ್ಕೆ ಬಂದರೆ ಇನ್ನೊಂದು ಹೆಜ್ಜೆಯೂ ಮುಂದಿಡದೆ ಜನರನ್ನು ಹೇಗೆ ಹಿಂತಿರುಗಿಸಬೇಕು. ಕಲಿತಾದ ಮೇಲೆ ಅವಳು ಕೇಳಿದ್ದು ಒಂದೇ. ಬೇಲಿಯ ಪಕ್ಕದಲ್ಲೇ ಬದುಕುವ ತನ್ನೂರಿನವರಿಗೆ, ಅವರ ಮಾತಿನಲ್ಲಿ, ಒಂದು ನಡಿಗೆ. ಈಸ್ಟರ್‌ವರೆಗೆ ಮಾಡಿ ನೋಡಿ ಎಂದರು. ಮಣ್ಣು ಬಣ್ಣದ ಅಂಗಿ, ಹಸಿರು ಪ್ಯಾಂಟು, ಅಗಲ ಟೋಪಿ, ತೋಳಿಗೊಂದು ಬಿಲ್ಲೆ ಕೊಟ್ಟರು. ಅಂಗಿಗೆ ಇಸ್ತ್ರಿ ಹಾಕಿ ಅವಳು ಗೋಡೆಯ ಮೊಳೆಗೆ ತೂಗುಹಾಕಿದ್ದನ್ನು ನಾನೇ ನೋಡಿದ್ದೇನೆ.

ಮೊದಲ ಭಾನುವಾರ ಯಾರೂ ಬರಲಿಲ್ಲ. ಎರಡನೆಯದೂ ಖಾಲಿ. ಮೂರನೆಯ ಭಾನುವಾರ ಒಂದು ನೀಲಿ ಪಿಕಪ್ ಗಾಡಿ, ಹಿಂದೆ ತುಂಬ ಜನ ತುಂಬಿಕೊಂಡು, ಗಾಡಿ ನಿಲ್ಲಿಸುವ ಜಾಗದವರೆಗೂ ಬಂತು. ಒಬ್ದುಲಿಯಾ ಕೈಯೆತ್ತಿ ಬೀಸಿದಳು. ಗಾಡಿ ಗಕ್ಕನೆ ನಿಂತು, ರಿವರ್ಸ್ ಹೊಡೆದು, ಧೂಳೆಬ್ಬಿಸಿಕೊಂಡು ಹೋಯಿತು. ಗಾಡಿ ಯಾರದೆಂದು ಅವಳಿಗೆ ಗೊತ್ತು; ಅವನ ಮೂವರು ಮಕ್ಕಳನ್ನೂ ಅವಳೇ ಬಸ್ಸಲ್ಲಿ ಕರೆದೊಯ್ದವಳು.

ಸಂಜೆ ನೇರ ತನ್ನ ಕೊಮಾದ್ರೆ ಕ್ರುಸಿತಾಳ ತೊರ್ತಿಯಾ ರೊಟ್ಟಿಯ ಅಂಗಡಿಗೆ ಹೋದಳು. ಮಗನ ದೀಕ್ಷಾಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತ ಗೆಳತಿ ಕೊಮಾದ್ರೆ. ಒಡಹುಟ್ಟಿದವಳಿಗಿಂತ ಜಾಸ್ತಿ, ಬೈಯುವ ಹಕ್ಕೂ ಜಾಸ್ತಿ.

"ನನ್ನನ್ನ ನೋಡಿ ಓಡಿಹೋದ್ರಲ್ಲೇ! ನನ್ನನ್ನ!"

"ನಿನ್ನನ್ನ ಯಾರು ನೋಡಿದ್ರು?" ಕ್ರುಸಿತಾ ರೊಟ್ಟಿಯ ಹಿಟ್ಟನ್ನು ಕೈಯ ಮೇಲೆ ಮೊಣಕೈವರೆಗೂ ಹರವಿ ಅಗಲ ಮಾಡುತ್ತಿದ್ದಳು. "ಅಷ್ಟು ದೂರದಿಂದ ಕಾಣೋದು ಅಂಗಿನೇ ಕಣೆ. ಮಣ್ಣು ಬಣ್ಣ, ಹಸಿರು ಪ್ಯಾಂಟು, ಬಿಲ್ಲೆ. ಮೇಲೊಂದು ಟೋಪಿ. ಮಿಗ್ರಾ ಅಂದ್ಕೊಂಡ್ರು."

ಮಿಗ್ರಾ ಅಂದರೆ ನಮ್ಮಲ್ಲಿ ಕಾಗದವಿಲ್ಲದೆ ಗಡಿ ದಾಟಿದವರನ್ನು ಹಿಡಿಯುವ ಪೊಲೀಸರು. ಮೆಕ್ಸಿಕೋ ಗಡಿ ಇಲ್ಲಿಂದ ಅರ್ಧ ಗಂಟೆಯ ದಾರಿ.

"ಅವನು ಇಲ್ಲೇ ಹುಟ್ಟಿದವನು. ಕಾಗದ ಎಲ್ಲ ಸರಿಯಾಗಿದೆ. ಅವನಿಗ್ಯಾಕೆ ಭಯ?"

"ಕಾಗದ ಜೇಬಲ್ಲಿರತ್ತೆ. ಆ ಬಟ್ಟೆ ಕಂಡ್ರೆ ಕಾಲು ತಾನಾಗೇ ಬ್ರೇಕಿಗೆ ಹೋಗತ್ತೆ. ಹಿಂದೆ ಕೂತವರಲ್ಲಿ ಯಾರ ಜೇಬು ಖಾಲಿನೋ, ನಿಂಗೊತ್ತಾ?"

ಮರುದಿನ ಒಬ್ದುಲಿಯಾ ಉದ್ಯಾನದ ಕಚೇರಿಯಲ್ಲಿದ್ದಳು. ಸ್ವಯಂಸೇವಕರನ್ನು ನೋಡಿಕೊಳ್ಳುವ ಹಾಲ್ವರ್ಸನ್ ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿದ, ಪೂರ್ತಿ ಕೇಳಿದ.

"ಅಂಗಿ ಇಲ್ದೆ ನಡಿಗೆ ಮಾಡಿಸ್ತೀನಿ. ನನ್ನ ಬಟ್ಟೇಲಿ," ಎಂದಳು.

"ಆಗಲ್ಲ ಸೆನ್ಯೋರಾ. ಅಂಗಿ ಇಲ್ಲ ಅಂದ್ರೆ ನೀವು ನಮ್ಮವರಲ್ಲ. ಯಾರಾದ್ರೂ ಬಿದ್ದು ಕಾಲು ಮುರ್ಕೊಂಡ್ರೆ ವಿಮೆ ಬರಲ್ಲ. ಬಣ್ಣ ಬದಲಾಯಿಸೋಕೆ ನನ್ನ ಕೈಲಿ ಏನೂ ಇಲ್ಲ, ಅದೆಲ್ಲ ರಾಜಧಾನೀಲಿ."

"ಹಾಗಾದ್ರೆ ಅವರಿಗೇ ಅಂಗಿ ಅಭ್ಯಾಸ ಮಾಡಿಸ್ತೀನಿ," ಎಂದು ಎದ್ದಳು.

ಮಾಡಿಯೂ ಮಾಡಿದಳು. ಕೆಲಸವಿಲ್ಲದ ಹೊತ್ತಲ್ಲಿ ಆ ಅಂಗಿ ಹಾಕಬಾರದೆಂಬ ನಿಯಮವನ್ನು ಮೂಲೆಗೆಸೆದು, ಅದನ್ನೇ ತೊಟ್ಟು ಚರ್ಚಿನ ಪೂಜೆಗೆ ಹೋದಳು, ಬಟ್ಟೆ ಒಗೆಯುವ ಅಂಗಡಿಗೆ ಹೋದಳು. ಜನ ಆಡಿಕೊಂಡರು. "ಏನ್ ದೊನ್ಯಾ, ಇವತ್ತು ಎಷ್ಟು ಜನಾನ ಹಿಡಿದ್ರಿ?" ಎಂದು ಎಂಬತ್ತು ದಾಟಿದ ದೊನ್ ತ್ರಿನಿ ಎರಡೂ ಕೈ ಮೇಲೆತ್ತಿ ಚರ್ಚಿನ ಮೆಟ್ಟಿಲಲ್ಲೇ ನಾಟಕ ಮಾಡಿದ. ಎಲ್ಲರೂ ನಕ್ಕರು. ಒಬ್ದುಲಿಯಾಳೂ ನಕ್ಕಳು. ನಗುವಷ್ಟು ಹತ್ತಿರ ಬಂದರಲ್ಲ, ಗೆದ್ದೆ ಎಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಅದೇ ಅಂಗಿಯಲ್ಲಿ ತೊರ್ತಿಯಾ ಅಂಗಡಿಯ ಸಾಲಿನಲ್ಲಿ ನಿಂತಳು. ಒಳಗಡೆ ಏನೋ ಬಿದ್ದ ಸದ್ದು, ಆಮೇಲೆ ಹಿಂಬಾಗಿಲು ಬಡಿದುಕೊಂಡ ಸದ್ದು. ಕ್ರುಸಿತಾ ಒಳಗೆ ಓಡಿದಳು. ವಾಪಸ್ ಬಂದಾಗ ಅವಳ ಮುಖ ಕಲ್ಲಾಗಿತ್ತು.

"ಹೊರಗೆ ಬಾ."

ಹೊರಗೆ ಬಂದರು.

"ನಯೇಲಿ ಓಡಿಹೋದ್ಲು. ಹೊಸದಾಗಿ ಬಂದ ಹುಡುಗಿ. ಕೈಯಲ್ಲಿ ಹಿಟ್ಟು ಹಾಗೇ ಇತ್ತು ಒಬ್ದುಲಿಯಾ, ಕೈ ತೊಳೀಲಿಲ್ಲ, ಚೀಲ ತಗೊಳ್ಳಲಿಲ್ಲ. ಇನ್ನು ಅವಳು ಕೆಲಸಕ್ಕೆ ಬರಲ್ಲ. ಯಾರನ್ನ ಅಭ್ಯಾಸ ಮಾಡಿಸ್ತಿದ್ದೀಯ ನೀನು? ಭಯ ಅನ್ನೋದು ನಿನ್ನ ಬಸ್ಸಿನ ಮಕ್ಕಳಾ, ಗದರಿಸಿ ಕೂರ್ಸೋಕೆ?"

ಕ್ರುಸಿತಾ ಅವಳನ್ನು ಕೊಮಾದ್ರೆ ಎನ್ನದೆ ಹೆಸರು ಹಿಡಿದು ಕರೆದದ್ದು ಬಹಳ ವರ್ಷಗಳ ಮೇಲೆ.

ಒಬ್ದುಲಿಯಾ ಮನೆಗೆ ಹೋಗಿ ತನ್ನದೇ ಹೂವಿನ ಅಂಗಿ ತೊಟ್ಟು, ನಯೇಲಿಯ ಚೀಲ ಹಿಡಿದು ಅವಳಿದ್ದ ಬೀದಿಗೆ ಹೋದಳು. ಬಾಗಿಲು ತಟ್ಟಿದಳು. ಒಳಗೆ ಟೀವಿಯ ಸದ್ದು ಸಣ್ಣದಾಯಿತು, ಪರದೆ ಒಂದಿಷ್ಟು ಅಲುಗಾಡಿತು. "ನಾನು ಮಗಳೇ, ಬಸ್ಸಿನ ಒಬ್ದುಲಿಯಾ. ತಪ್ಪು ನಂದೇ," ಎಂದಳು ಬಾಗಿಲಿಗೆ. ಬಾಗಿಲು ತೆರೆಯಲಿಲ್ಲ. ಚೀಲವನ್ನು ಹೊಸ್ತಿಲಲ್ಲಿಟ್ಟು ಬಂದಳು.

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಅವಳ ವಯಸ್ಸಿಗೆ, ಅವಳ ಮೊಣಕಾಲಿಗೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಬಿಡಲಿಲ್ಲ. ಸೋಮವಾರ ಅಂಗಿ, ಪ್ಯಾಂಟು, ಟೋಪಿ ಮಡಿಸಿ ಹಾಲ್ವರ್ಸನ್‌ನ ಮೇಜಿನ ಮೇಲಿಟ್ಟಳು.

"ಇದನ್ನ ವಾಪಸ್ ಕೊಟ್ರೆ ನಡಿಗೆ ನಿಂತ ಹಾಗೆ, ಗೊತ್ತಲ್ಲ?" ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. "ನಿಮ್ಮ ಹೆಸರೂ ತೆಗೀಬೇಕಾಗತ್ತೆ."

"ತೆಗೀರಿ. ನನ್ನ ನೆಂಟರನ್ನ ಕರ್ಕೊಂಡು ಉದ್ಯಾನ ನೋಡೋಕೆ ಬಂದ್ರೆ ಬೇಡ ಅಂತೀರಾ?"

"ಅದಕ್ಯಾಕೆ ಬೇಡ?"

"ದಾರೀಲಿ ಅವರ ಜೊತೆ ಮಾತಾಡಿದ್ರೆ?"

ಹಾಲ್ವರ್ಸನ್ ಕಿಟಕಿಯ ಕಡೆ ತಿರುಗಿದ. "ನೆಂಟರು ಮಾತಾಡ್ಕೊಳ್ಳೋದು ನನಗೆ ಕೇಳ್ಸಲ್ಲ," ಎಂದ. "ನೀರು ಮಾತ್ರ ಜಾಸ್ತಿ ತಗೊಂಡು ಹೋಗಿ."

ನಂಬಿಸುವುದಕ್ಕೆ ಅವಳು ಮನೆಮನೆಗೆ ಹೋದಳು. ಕ್ರುಸಿತಾಳೇ ಮೊದಲು ಬೇಡವೆಂದಳು, ಆಮೇಲೆ ಅಂಗಡಿ ಮುಚ್ಚಿ ಬಂದಳು. ದೊನ್ ತ್ರಿನಿ ಬಂದ. ನೀಲಿ ಪಿಕಪ್ಪಿನವನೂ ಹೆಂಡತಿ, ಅತ್ತೆ, ಮಕ್ಕಳ ಸಮೇತ ಬಂದ. ನಯೇಲಿ ಬರಲಿಲ್ಲ, ಅವಳು ಆ ವಾರ ಊರನ್ನೇ ಬಿಟ್ಟಿದ್ದಳು. ಭಾನುವಾರ ಊರಿನ ಕಡೆಯ ಸಣ್ಣ ಗೇಟಿನಿಂದ ಎಲ್ಲರೂ ಒಳಹೊಕ್ಕರು. ಒಕೊತಿಯೊ ಮುಳ್ಳುಕೋಲುಗಳ ತುದಿಯಲ್ಲಿ ಕೆಂಪು ಹೂ ಬಿಟ್ಟಿತ್ತು.

"ನಮ್ಮಪ್ಪ ಇಲ್ಲೇ ಕತ್ತೆ ಕಟ್ತಿದ್ದ," ದೊನ್ ತ್ರಿನಿ ಶುರುಮಾಡಿದ. "ಸೌದೆ ಹೇರ್ಕೊಂಡು ಹೋಗ್ತಿದ್ದ. ಈಗ ನೋಡು, ಒಂದು ಕಡ್ಡಿ ಮುರಿದ್ರೂ ದಂಡ."

"ನಿಮ್ಮಪ್ಪನಿಗಿಂತ ಕತ್ತೆಗೇ ಬುದ್ಧಿ ಇತ್ತು ಅಂತ ಕೇಳಿದೀನಿ," ಎಂದಳು ಕ್ರುಸಿತಾ.

ಒಬ್ದುಲಿಯಾ ಮುಂದೆ ನಡೆಯುತ್ತ ಮಾತಾಡುತ್ತಿದ್ದಳು. ಸಣ್ಣ ಸಗ್ವಾರೊ ದೊಡ್ಡ ಪೊದೆಯ ನೆರಳಲ್ಲಿ ಹೇಗೆ ಬೆಳೆಯುತ್ತದೆ, ತೊಗಟೆ ಹಸಿರಾದ ಮರ ಎಲೆ ಉದುರಿಸಿಯೂ ಹೇಗೆ ಬದುಕುತ್ತದೆ. ಮಕ್ಕಳು ಒಂದೊಂದಕ್ಕೂ ಎರಡೆರಡು ಪ್ರಶ್ನೆ ಹಾಕಿದರು. ಮಳೆನೀರು ನಿಲ್ಲುವ ಬಂಡೆಗುಂಡಿಯವರೆಗೆ ಹೋಗುವುದೆಂದು ಗೊತ್ತಾಗಿತ್ತು.

ಅರ್ಧ ದಾರಿಯಲ್ಲಿ ಬಂಡೆಯ ತಿರುವಿನಿಂದ ಮಣ್ಣು ಬಣ್ಣದ ಅಂಗಿಯೊಂದು ಹೊರಬಂತು.

ಎಲ್ಲರ ಕಾಲೂ ಒಟ್ಟಿಗೇ ನಿಂತವು. ಅತ್ತೆ ಮೊಮ್ಮಗುವಿನ ಕೈ ಹಿಡಿದೆಳೆದಳು. ನೀಲಿ ಪಿಕಪ್ಪಿನವನು ಹಿಂದಕ್ಕೆ ನೋಡಿದ, ಗೇಟು ಎಷ್ಟು ದೂರವಿದೆಯೆಂದು. ಇವರು ಈಗ ಹಿಂತಿರುಗಿದರೆ ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲವೆಂದು ಒಬ್ದುಲಿಯಾಳಿಗೆ ಗೊತ್ತಿತ್ತು. ಹೆದರಬೇಡಿ ಎನ್ನಲಿಲ್ಲ ಅವಳು. ಆ ಮಾತಿನ ಬೆಲೆ ಅವಳಿಗೆ ತಿಳಿದಾಗಿತ್ತು. ಒಬ್ಬಳೇ ಮುಂದೆ ಹೋಗಿ ಆ ಅಂಗಿಯ ಪಕ್ಕ ನಿಂತು, ಟೋಪಿ ತೆಗಿ ಎಂದು ಸನ್ನೆ ಮಾಡಿದಳು. ಟೋಪಿಯ ಕೆಳಗಿಂದ ಬೋಳು ತಲೆ, ಬಿಸಿಲಿಗೆ ಸುಲಿದ ಮೂಗು ಕಾಣಿಸಿತು.

"ಇವನು ಮರ್ಲ್. ನನ್ನ ಜೊತೇಲೇ ಕಲಿತವನು. ಹಿಮ ಬೀಳೋ ಊರಿನವನು, ಮೊದಲು ಅಂಚೆ ಹಂಚ್ತಿದ್ದ. ಚೇಳು ಅಂದ್ರೆ ಹೆದರಿ ಸಾಯ್ತಾನೆ. ಬೂಟು ಹಾಕೋ ಮುಂಚೆ ಕೊಡವಿ ಕೊಡವಿ, ಒಂದಿನ ಕಿಟಕಿ ಗಾಜೇ ಒಡೆದ."

ಅವಳು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಮರ್ಲ್ ಕಿವಿಯವರೆಗೂ ಕೆಂಪಾಗಿ, ಬಗ್ಗಿ, ಬೂಟು ಕೊಡವುವ ಹಾಗೆ ಮಾಡಿ ತೋರಿಸಿದ. ಒಂದು ಮಗು ಕಿಸಕ್ಕೆಂದಿತು. ಪಿಕಪ್ಪಿನವನ ಅತ್ತೆ ಮಾತ್ರ ನಗಲಿಲ್ಲ, ಶಿಲುಬೆಯ ಗುರುತು ಮಾಡಿಕೊಂಡು ಮಗಳ ಜೊತೆ ಗೇಟಿನ ಕಡೆ ತಿರುಗಿ ಹೊರಟಳು. ಅವರನ್ನು ಯಾರೂ ತಡೆಯಲಿಲ್ಲ. ಉಳಿದವರು ನಿಂತೇ ಇದ್ದರು.

ಮರ್ಲ್ ಒಬ್ದುಲಿಯಾಳ ಕಿವಿಯಲ್ಲಿ ಏನೋ ಕೇಳಿದ.

"ಏನಂತೆ ಅವನಿಗೆ?" ಎಂದಳು ಕ್ರುಸಿತಾ, ಅವನ ಮುಖ ನೋಡದೆ.

"ಅವನಿಗೂ ಬಂಡೆಗುಂಡಿವರೆಗೆ ನಮ್ಮ ಜೊತೆ ಬರೋ ಆಸೆ."

ಕ್ರುಸಿತಾ ದೊನ್ ತ್ರಿನಿಯ ಮುಖ ನೋಡಿದಳು, ಮಕ್ಕಳನ್ನು ನೋಡಿದಳು, ಮುಂದಿನ ಏರನ್ನು ನೋಡಿದಳು.

"ಬರ್ಲಿ," ಎಂದಳು. "ಹಿಂದೆ ಬರ್ಲಿ ಅನ್ನು. ಮುಂದೆ ಬೇಡ."

ಮರ್ಲ್ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಟೋಪಿ ಕೈಯಲ್ಲೇ ಹಿಡಿದು ನಿಂತ. ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು.